ಸನಾಯ್ಯಾದ ಗುಜರಿ, ಹಳೆ ಗಾಡಿಯ ಸ್ಟಿಯರಿಂಗ್

ನಾವು ಊರಿನಲ್ಲಿ ಗುಜರಿ ಎನ್ನುವುದನ್ನು ಸೌದಿಯಲ್ಲಿ ತಶ್ಲೀಹ್ ಎನ್ನುತ್ತಾರೆ. ಮೈಮೇಲಿನದ್ದನ್ನು ಕಳಚುವುದು ಎಂಬ ಅರ್ಥದ ಮಾತು ಅದು. ಬಾಗಿಲು, ಬಾನೆಟ್, ಎಂಜಿನ್, ಗೇರ್ ಬಾಕ್ಸ್ ಎಲ್ಲವನ್ನೂ ಬಿಚ್ಚಿ ಗಾಡಿಯನ್ನು ಬರಿಮೈ ಮಾಡುವ ಜಾಗಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಕುವೈತ್‌ನಲ್ಲಿ ಅದು ಸಕ್ರಾಬ್. ಇಂಗ್ಲಿಷಿನ ಸ್ಕ್ರ್ಯಾಪ್ ಅರಬರ ಬಾಯಲ್ಲಿ ಹಾಗಾಗಿದೆ. ಗ್ಯಾರೇಜುಗಳಿರುವ ಸನಾಯ್ಯಾ ಎಂಬ ಪದವಂತೂ ಇಲ್ಲಿಗೆ ಬಂದ ಒಂದೆರಡು ತಿಂಗಳಲ್ಲಿ ನಮ್ಮೆಲ್ಲರ ಬಾಯಿಗೂ ಬರುತ್ತದೆ. ಕೈಗಾರಿಕಾ ಪ್ರದೇಶ ಎಂದು ಕನ್ನಡದಲ್ಲಿ ಹೇಳಿದರೆ ನಮಗೇ ಅರ್ಥವಾಗಲು ಒಂದು ಗಳಿಗೆ ಬೇಕು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಮತ್ತು ಸಜಾ, ರಿಯಾದಿನ ಹಾಯರ್, ಕುವೈತ್‌ನ ಅಮ್ಘರಾ, ಇವೆಲ್ಲ ಪ್ರವಾಸಿಗರ ಪುಸ್ತಕದಲ್ಲಿ ಸಿಗುವ ಹೆಸರುಗಳಲ್ಲ. ಕೊಲ್ಲಿಯ ಚರಿತ್ರೆ ಬರೆಯುವವರು ತೈಲಬಾವಿಯಿಂದ ಶುರುಮಾಡಿ ಗಗನಚುಂಬಿ ಕಟ್ಟಡಕ್ಕೆ ಮುಗಿಸುತ್ತಾರೆ. ನಡುವೆ ನಮ್ಮನ್ನು ಕ್ಯಾಂಪಿನಿಂದ ಸೈಟಿಗೆ, ಸೈಟಿನಿಂದ ಆಸ್ಪತ್ರೆಗೆ, ಶುಕ್ರವಾರ ಗೆಳೆಯರ ರೂಮಿಗೆ ಹೊತ್ತ ಮೂರನೇ ಕೈ, ನಾಲ್ಕನೇ ಕೈ ಗಾಡಿಗಳು ಅದರಲ್ಲಿ ಬರುವುದೇ ಇಲ್ಲ. ಆ ಗಾಡಿಗಳ ಒಂದು ಭಾಗದ ಕಥೆಯನ್ನಾದರೂ ನಮ್ಮ ಸಂಚಿಕೆಯಲ್ಲಿ ದಾಖಲಿಸೋಣ ಎಂದು ಸ್ಟಿಯರಿಂಗನ್ನು ಆರಿಸಿಕೊಂಡಿದ್ದೇವೆ. ಕಾರಣ ಸರಳ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಸ್ಟಿಯರಿಂಗ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ.

ಇಲ್ಲಿ ಸ್ಟಿಯರಿಂಗ್ ಎಡಕ್ಕಿರುವುದೇ ಒಂದು ಚರಿತ್ರೆ. ಇಂದಿನ ಯುಎಇ ಪ್ರದೇಶದಲ್ಲಿ 1966ರ ಆಗಸ್ಟ್ ಮುಗಿಯುವವರೆಗೂ ಗಾಡಿಗಳು ನಮ್ಮೂರಿನಂತೆ ರಸ್ತೆಯ ಎಡಬದಿಯಲ್ಲೇ ಓಡುತ್ತಿದ್ದವು. ಸೆಪ್ಟೆಂಬರ್ 1ರಿಂದ ಬಲಬದಿಗೆ ಬಂದವು. ಬಹ್ರೈನ್ ಮರುವರ್ಷ, 1967ರ ನವೆಂಬರಿನಲ್ಲಿ ಬದಲಾಯಿತು. ಬ್ರಿಟಿಷರ ನೆರಳಿದ್ದಲ್ಲಿ ಎಡಬದಿ, ಅಮೆರಿಕದ ತೈಲ ಕಂಪನಿಯ ಗಾಡಿಗಳು ಓಡಾಡಿದ ಸೌದಿಯಲ್ಲಿ ಬಲಬದಿ ಎಂಬ ಇಬ್ಬಗೆ ಹೀಗೆ ಕೊನೆಗೊಂಡಿತು. ಅದೇ 1966ರ ಜೂನ್‌ನಲ್ಲಿ ಭಾರತದ ರೂಪಾಯಿಯ ಅಪಮೌಲ್ಯವಾಗಿ, ಇಲ್ಲಿ ಚಲಾವಣೆಯಲ್ಲಿದ್ದ ಗಲ್ಫ್ ರೂಪಾಯಿಯನ್ನು ಕೊಲ್ಲಿಯ ನಾಡುಗಳು ಕೈಬಿಡತೊಡಗಿದ್ದವು. ಒಂದೇ ವರ್ಷದಲ್ಲಿ ಜೇಬಿನ ನೋಟೂ ಹೋಯಿತು, ರಸ್ತೆಯ ಬದಿಯೂ ಹೋಯಿತು. ಬಲಗಡೆ ಸ್ಟಿಯರಿಂಗ್ ಇದ್ದ ಗಾಡಿಗಳು ರಾತ್ರಿ ಬೆಳಗಾಗುವುದರೊಳಗೆ ಹಳೆಯವಾದವು.

ಆ ಕಾಲದ ಮರಳುಗಾಡಿನ ಗಾಡಿ ಎಂದರೆ ಲ್ಯಾಂಡ್ ರೋವರ್. 1948ರಲ್ಲಿ ಹುಟ್ಟಿದ ಈ ಬ್ರಿಟಿಷ್ ಗಾಡಿಯ ಸ್ಟಿಯರಿಂಗಿನಲ್ಲಿ ರಿಲೇ ಎಂಬ ಒಂದು ಭಾಗ ಚಾಸಿಯ ಮುಂದಿನ ಅಡ್ಡಪಟ್ಟಿಯ ಒಳಗೇ ಕೂತಿರುತ್ತದೆ. ಅದನ್ನು ಹೊರತೆಗೆಯುವುದು ಎಂಥ ಮೆಕ್ಯಾನಿಕ್‌ಗೂ ಸಾಕುಸಾಕಾಗುವ ಕೆಲಸ. ಟೊಯೊಟಾ 1951ರಲ್ಲಿ ತಯಾರಿಸಿದ ಜೀಪಿನಂಥ ಗಾಡಿಗೆ 1954ರಲ್ಲಿ ಲ್ಯಾಂಡ್ ಕ್ರೂಸರ್ ಎಂಬ ಹೆಸರು ಬಂತು. 1960ರಲ್ಲಿ ಬಂದ ಅದರ 40 ಸೀರೀಸ್, ಆಮೇಲೆ 1980ರ 60 ಸೀರೀಸ್ ಮರಳನ್ನು ಗೆದ್ದುಕೊಂಡವು. 40ರ ಹಳೆಯ ಗಾಡಿಗಳಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ನಿಂತಲ್ಲೇ ತಿರುಗಿಸಬೇಕಾದರೆ ಎರಡೂ ಕೈ, ಭುಜ, ಕೆಲವೊಮ್ಮೆ ಎದೆಯನ್ನೂ ಸೇರಿಸಬೇಕಿತ್ತು. ಘಟ್ಟದ ಮೇಲೆ ಕಾಫಿ ತೋಟದ ಜೀಪು ಓಡಿಸಿ ಬಂದ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಮಹೀಂದ್ರಾದವರ ವಿಲ್ಲಿಸ್ ಜೀಪಿನ ಸ್ಟಿಯರಿಂಗ್ ಕೂಡ ಹೀಗೇ ಗಟ್ಟಿ, ಸವೆದ ಮೇಲೆ ಹೀಗೇ ಸಡಿಲ. ವಿಚಿತ್ರವೆಂದರೆ ನಾವು ತಮಾಷೆ ಮಾಡುತ್ತಿದ್ದ ಅಂಬಾಸಿಡರ್‌ಗೆ ಇವೆರಡಕ್ಕಿಂತ ಚೊಕ್ಕವಾದ ರ್‍ಯಾಕ್ ಅಂಡ್ ಪಿನಿಯನ್ ಇತ್ತು. ಸ್ಟಿಯರಿಂಗಿನ ತುದಿಯ ಸಣ್ಣ ಹಲ್ಲುಚಕ್ರ, ಅದು ಎಡಬಲಕ್ಕೆ ಸರಿಸುವ ಒಂದು ಹಲ್ಲುಪಟ್ಟಿ, ಅಷ್ಟೆ.

ಕೊಲ್ಲಿಯ ಗುಜರಿಗಳಲ್ಲಿ ಬಹುಕಾಲ ಆಳಿದ್ದು ಮಾತ್ರ ಗೋಲಿ ತುಂಬಿದ ಸ್ಟಿಯರಿಂಗ್ ಬಾಕ್ಸ್. ಸ್ಟಿಯರಿಂಗ್ ಚಕ್ರದ ಕಂಬಿಯ ತುದಿಯಲ್ಲಿ ಒಂದು ದಪ್ಪ ಸ್ಕ್ರೂ, ಅದನ್ನೇ ವರ್ಮ್ ಎನ್ನುವುದು. ಅದರ ಮೇಲೆ ಒಂದು ನಟ್. ಇವೆರಡರ ಸಂದಿನಲ್ಲಿ ಉಕ್ಕಿನ ಗೋಲಿಗಳು ಉರುಳುತ್ತ ಒಂದು ಕೊಳವೆಯ ಮೂಲಕ ಹೊರಟಲ್ಲಿಗೇ ಮರಳುತ್ತವೆ. ನಟ್ ಮೇಲೆ ಕೆಳಗೆ ಸರಿದಾಗ ಅದರ ಮೈಮೇಲಿನ ಹಲ್ಲುಗಳು ಸೆಕ್ಟರ್ ಶಾಫ್ಟ್ ಎಂಬ ದಂಡವನ್ನು ತಿರುಗಿಸುತ್ತವೆ. ಆ ದಂಡಕ್ಕೆ ಪಿಟ್‌ಮನ್ ಆರ್ಮ್ ಎಂಬ ತೋಳು, ತೋಳಿಗೆ ರಾಡುಗಳು, ರಾಡುಗಳ ತುದಿಯಲ್ಲಿ ಚಕ್ರಗಳು. ಉಜ್ಜುವ ಬದಲು ಉರುಳುವುದರಿಂದ ಸವೆತ ಕಡಿಮೆ, ಕೈಗೆ ಹಗುರ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1940ರಲ್ಲಿ ಬಂದ ವ್ಯವಸ್ಥೆ ಇದು. ಇದಕ್ಕೆ ಎಣ್ಣೆಯ ಒತ್ತಡದ ಸಹಾಯ ಕೊಡುವ ಯೋಚನೆ ಇನ್ನೂ ಹಳೆಯದು. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ಪವರ್ ಸ್ಟಿಯರಿಂಗ್ ಮಾಡಿ ತೋರಿಸಿದ್ದರು. ಅದು ಮಾರುಕಟ್ಟೆಯ ಕಾರಿಗೆ ಬರಲು 1951ರ ಕ್ರೈಸ್ಲರ್ ಇಂಪೀರಿಯಲ್‌ವರೆಗೆ ಕಾಯಬೇಕಾಯಿತು. ಮುಂದೆ 60 ಸೀರೀಸ್ ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪೆಟ್ರೋಲ್, ಹಳೆಯ ಹೈಲಕ್ಸ್ ಪಿಕಪ್, ಕೊಲ್ಲಿಯ ಜನ ಮುಗಿಬಿದ್ದು ಕೊಂಡ ಶೆವ್ರೊಲೆ ಕ್ಯಾಪ್ರಿಸ್, ಎಲ್ಲದರಲ್ಲೂ ಈ ಜಾತಿಯ ಬಾಕ್ಸೇ.

ಈ ಬಾಕ್ಸಿಗೆ ಒಂದು ಗುಣವಿದೆ. ಅದನ್ನು ತಿಳಿಯದವರು ಹಳೆ ಗಾಡಿ ಮುಟ್ಟಬಾರದು. ಗಾಡಿ ಹೆಚ್ಚು ಹೊತ್ತು ನೇರವಾಗಿ ಓಡುವುದರಿಂದ ಬಾಕ್ಸಿನ ಹಲ್ಲುಗಳು ನಡುಮಧ್ಯದಲ್ಲಿ ಸವೆಯುತ್ತವೆ, ಪಕ್ಕದ ಹಲ್ಲುಗಳು ಹಾಗೇ ಉಳಿಯುತ್ತವೆ. ರಿಯಾದಿನಿಂದ ದಮ್ಮಾಮಿಗೆ, ಅಬುಧಾಬಿಯಿಂದ ಸೌದಿಯ ಗಡಿಗೆ ಗೆರೆ ಎಳೆದಂತೆ ಹೋಗುವ ರಸ್ತೆಗಳನ್ನು ನೆನೆಸಿಕೊಳ್ಳಿ. ಆಗುಂಬೆ ಘಾಟಿಯ ಗಾಡಿಯ ಬಾಕ್ಸ್ ಎಲ್ಲ ಕಡೆಯೂ ಸವೆದೀತು. ಇಲ್ಲಿಯದು ನಡುವಿನಲ್ಲೇ ಸವೆಯುತ್ತದೆ. ಆಗ ಸ್ಟಿಯರಿಂಗ್ ಮೂರು ನಾಲ್ಕು ಬೆರಳಿನಷ್ಟು ಸುಮ್ಮನೆ ಆಡುತ್ತದೆ, ಗಾಡಿ ತನ್ನಿಷ್ಟದಂತೆ ಹೋಗುತ್ತದೆ. ಇದೇ ನಾವೆಲ್ಲ ಪ್ಲೇ ಎನ್ನುವುದು. ಬಾಕ್ಸಿನ ಮೇಲೆ ಲಾಕ್ ನಟ್ ಹಾಕಿದ ಒಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದರೆ ನಡುವಿನ ಪ್ಲೇ ಮಾಯವಾಗುತ್ತದೆ. ಆದರೆ ಸವೆಯದ ಪಕ್ಕದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ತಿರುಗಿಸಿದ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ನಾವು ನಾಲ್ವರು ಸೇರಿ ಕೊಂಡ ಹೈಲಕ್ಸ್ ಪಿಕಪ್ ಒಂದಿತ್ತು. ವರ್ಷದ ಪಾಸಿಂಗಿಗೆ ಮುಂಚೆ ಪ್ಲೇ ಸರಿಮಾಡಲು ಒಂದು ಗ್ಯಾರೇಜಿಗೆ ಬಿಟ್ಟೆವು. ಅಲ್ಲಿನವ ಐದು ನಿಮಿಷದಲ್ಲಿ ‘ಖಲಾಸ್, ಮಾಫಿ ಮುಷ್ಕಿಲ್’ ಎಂದು ದುಡ್ಡು ತೆಗೆದುಕೊಂಡ. ಸ್ಟಿಯರಿಂಗ್ ಹಿಡಿದರೆ ಹೊಸ ಗಾಡಿಯಂತೆ ಬಿಗಿ. ಮೊದಲ ರೌಂಡ್ ಅಬೌಟಿನಲ್ಲಿ ತಿರುಗಿದ ಸ್ಟಿಯರಿಂಗ್ ಅಲ್ಲೇ ಕೂತಿತು. ಎಳೆದು ಸರಿಪಡಿಸುವಷ್ಟರಲ್ಲಿ ಮುಂದಿನ ಚಕ್ರ ಕಟ್ಟೆ ಹತ್ತಿತ್ತು. ಹಿಂದೆ ಕೂತಿದ್ದವರಿಗೆ ಏನೂ ಆಗಲಿಲ್ಲ, ಪಕ್ಕದ ಲೇನಿನಲ್ಲಿ ಟ್ಯಾಂಕರ್ ಇರಲಿಲ್ಲ. ಮರುದಿನ ಕುಂದಾಪುರ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆವು.

‘ಅಣ್ಣಾ, ಪ್ಲೇ ತೆಗೆದಿದ್ದಾನೆ, ಆದರೆ ಗಾಡಿ ಮಾತು ಕೇಳುವುದಿಲ್ಲ’ ಎಂದೆವು.

ಅವರು ಬಾನೆಟ್ ಎತ್ತಿ ಸ್ಕ್ರೂವಿನ ಮೇಲಿದ್ದ ಹೊಸ ಗೀರು ನೋಡಿಯೇ ನಕ್ಕರು. ‘ತೆಗೆಯಲಿಲ್ಲ, ಅಡಗಿಸಿಟ್ಟಿದ್ದಾನೆ. ಸ್ಕ್ರೂ ತಿರುಗಿಸಿದರೆ ಸವೆದ ಹಲ್ಲು ಪುನಃ ಬರ್ತದಾ ಮಾರಾಯ್ರೆ?’

ಅವರು ಮೊದಲು ಮಾಡಿದ್ದು ಸ್ಕ್ರೂ ಸಡಿಲಿಸಿದ್ದು. ಆಮೇಲೆ ನಮ್ಮಲ್ಲೊಬ್ಬನನ್ನು ಸ್ಟಿಯರಿಂಗ್ ಎದುರು ಕೂರಿಸಿ ಮೆಲ್ಲಗೆ ಎಡಬಲ ಆಡಿಸಲು ಹೇಳಿ, ತಾವು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಕೈಯಿಟ್ಟರು. ಪ್ಲೇ ಎಂದರೆ ಬಾಕ್ಸೇ ಎಂದು ತಿಳಿಯುವುದು ಅರ್ಧ ತಿಳಿವಳಿಕೆ. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟ್ ಸಡಿಲವಿರಬಹುದು, ಮರಳಿನಲ್ಲಿ ಹಾರಿಸಿದ ಗಾಡಿಯಾದರೆ ಚಾಸಿಯೇ ಅಲ್ಲಿ ಬಿರುಕು ಬಿಟ್ಟಿರಬಹುದು, ಐಡ್ಲರ್ ಆರ್ಮಿನ ಬುಶ್ ಹೋಗಿರಬಹುದು. ನಮ್ಮ ಗಾಡಿಯಲ್ಲಿ ಬುಶ್ಶೂ ಹೋಗಿತ್ತು, ಬಾಕ್ಸೂ ಹೋಗಿತ್ತು. ಬುಶ್ ಹೊಸದು ತರಲು ಹೇಳಿದರು. ಬಾಕ್ಸಿಗೆ ಕಂಪನಿಯ ಬೆಲೆ ಕೇಳಿದರೆ ಗಾಡಿಯ ಬೆಲೆಗೇ ಹತ್ತಿರ. ಹಾಗಾಗಿ ಗುಜರಿ.

ಅವರ ಜತೆ ಗುಜರಿ ಸುತ್ತಿದ ಆ ಶುಕ್ರವಾರ ನಾವು ಕಲಿತದ್ದು ಯಾವ ಪುಸ್ತಕದಲ್ಲೂ ನಾವು ಕಂಡದ್ದಲ್ಲ. ಅವರು ಗಾಡಿಯ ಮುಖ ನೋಡಲಿಲ್ಲ, ಬೆನ್ನು ನೋಡಿದರು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ ಗಾಡಿಯ ಸ್ಟಿಯರಿಂಗ್ ಆಗಬಹುದು. ಮುಂದೆ ಗುದ್ದಿದ ಗಾಡಿಯದು ಬೇಡವೇ ಬೇಡ. ಚಕ್ರಕ್ಕೆ ಬಿದ್ದ ಪೆಟ್ಟು ರಾಡಿನ ಮೂಲಕ ಸೆಕ್ಟರ್ ಶಾಫ್ಟಿಗೆ ಹೋಗಿರುತ್ತದೆ. ಕೂದಲೆಳೆಯಷ್ಟು ಬಾಗಿದ ಉಕ್ಕು ಕಣ್ಣಿಗೆ ಕಾಣುವುದಿಲ್ಲ. ಕಂಬಿಯ ಕಥೆಯೂ ಅದೇ. 1960ರ ದಶಕದ ಕೊನೆಯಿಂದ ಅಮೆರಿಕದ ಕಾನೂನಿನ ದೆಸೆಯಿಂದ ಕಾರುಗಳಿಗೆ ಅಪಘಾತದಲ್ಲಿ ಕುಸಿದು ಚಾಲಕನ ಎದೆ ಉಳಿಸುವ ಕಂಬಿ ಬಂತು. ಒಮ್ಮೆ ಕುಸಿದದ್ದು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಅದನ್ನು ಎಳೆದು ನೇರಮಾಡಿ ಮಾರುವವರೂ ಇದ್ದಾರೆ.

ಬಿಚ್ಚಿದ ಬಾಕ್ಸನ್ನು ಅವರು ಬೆಂಚಿನ ಮೇಲಿಟ್ಟು ಈ ತುದಿಯಿಂದ ಆ ತುದಿಯವರೆಗೆ ಕೈಯಲ್ಲೇ ತಿರುಗಿಸಿದರು. ಎಲ್ಲ ಕಡೆ ಬೆಣ್ಣೆಯಂತೆ ಹೋಗಿ, ನಟ್ಟನಡುವೆ ಒಂದಿಷ್ಟು ಬಿಗಿಯಾದರೆ ಅದು ಒಳ್ಳೆಯ ಬಾಕ್ಸ್, ತಯಾರಿಸುವಾಗಲೇ ಹಾಗಿಟ್ಟಿರುತ್ತಾರೆ. ನಡುವೆ ಸಡಿಲವಿದ್ದರೆ ಅದು ನಮ್ಮ ಬಾಕ್ಸಿನ ಅಣ್ಣನೇ. ಎಲ್ಲೋ ಒಂದು ಕಡೆ ಕಟ್ ಎಂದು ತಡೆದರೆ ಗೋಲಿಯ ದಾರಿಯಲ್ಲಿ ಗುಳಿ ಬಿದ್ದಿದೆ. ಮೂರನೆಯ ಬಾಕ್ಸು ಅವರಿಗೆ ಒಪ್ಪಿಗೆಯಾಯಿತು. ಆದರೂ ಅದರ ರಬ್ಬರ್ ಸೀಲುಗಳನ್ನೆಲ್ಲ ಬಿಸಾಡಿ ಅಂಗಡಿಯಿಂದ ಹೊಸ ಸೀಲ್ ಕಿಟ್ ತರಿಸಿದರು. ಇಲ್ಲಿನ ಬಿಸಿಲಿಗೆ ನಿಂತ ಗಾಡಿಯ ರಬ್ಬರ್ ಹಪ್ಪಳವಾಗಿರುತ್ತದೆ. ಒಳನಾಡಿನ ಒಣಗಾಳಿಗೆ ಉಕ್ಕು ಮಾತ್ರ ತುಕ್ಕು ಹಿಡಿಯದೆ ಉಳಿಯುತ್ತದೆ. ಊರಿನ ಮಳೆಗಾಲದಲ್ಲಿ ಹತ್ತು ವರ್ಷ ಬಯಲಲ್ಲಿ ಬಿದ್ದ ಗಾಡಿಯ ಒಂದು ನಟ್ ಬಿಚ್ಚಲು ಗ್ಯಾಸ್ ಕಟರ್ ಬೇಕು. ಇಲ್ಲಿ ಸ್ಪ್ಯಾನರ್ ಸಾಕು.

ಪಿಟ್‌ಮನ್ ಆರ್ಮನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು ಎಂದು ಅವರು ಹಟ ಹಿಡಿದರು. ಸುತ್ತಿಗೆಯ ಏಟು ನೇರ ಶಾಫ್ಟಿನ ಹಲ್ಲಿಗೆ ಹೋಗುತ್ತದೆ, ಬೆಂಕಿ ಕೊಟ್ಟರೆ ಉಕ್ಕಿನ ಹದ ಕೆಡುತ್ತದೆ. ಗುಜರಿಯ ಹುಡುಗನಿಗೆ ಅವಸರ, ಇವರಿಗಿಲ್ಲ. ಜೋಡಿಸುವಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಎಂದು ಎಣಿಸಿ, ಅರ್ಧಕ್ಕೆ ಹಿಂತಿರುಗಿ, ಅಲ್ಲಿ ಬಿಳಿ ಪೇಂಟಿನ ಗುರುತು ಹಾಕಿದರು. ಚಕ್ರಗಳು ನೇರವಿದ್ದಾಗ ಬಾಕ್ಸ್ ನಡುವಿನಲ್ಲಿರಬೇಕು. ಒಂದು ಹಲ್ಲು ಆಚೀಚೆಯಾದರೂ ಒಂದು ಬದಿಗೆ ಗಾಡಿ ಕಡಿಮೆ ತಿರುಗುತ್ತದೆ. ಎಣ್ಣೆ ತುಂಬಿಸಿದ ಮೇಲೆ ಮುಂದಿನ ಚಕ್ರ ಎತ್ತಿ, ಎಂಜಿನ್ ಹಾಕದೆ ಹಲವು ಸಲ ತುದಿಯಿಂದ ತುದಿಗೆ ತಿರುಗಿಸಿ ಗಾಳಿ ಬಿಡಿಸಿದರು. ನೊರೆ ನಿಂತ ಮೇಲಷ್ಟೇ ಎಂಜಿನ್ ಹಾಕಿದ್ದು. ಕೊನೆಗೆ ಅಲೈನ್‌ಮೆಂಟ್.

ಅವರ ಕಟ್ಟಳೆ ಒಂದೇ: ಬಾಕ್ಸ್ ಗುಜರಿಯದ್ದಾಗಬಹುದು, ಟೈ ರಾಡ್ ಎಂಡ್ ಮತ್ತು ಬಾಲ್ ಜಾಯಿಂಟ್ ಹೊಸದೇ ಆಗಬೇಕು. ಇದು ಹಟವಲ್ಲ, ಲೆಕ್ಕ. ಬಾಕ್ಸಿನ ಹಲ್ಲುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಸವೆದರೆ ತಿಂಗಳುಗಟ್ಟಲೆ ಮುಂಚೆಯೇ ಕೈಗೆ ತಿಳಿಸುತ್ತವೆ. ಟೈ ರಾಡ್ ತುದಿಯ ಗುಂಡು ಒಂದು ರಬ್ಬರ್ ಟೊಪ್ಪಿಯನ್ನು ನಂಬಿಕೊಂಡಿದೆ. ಟೊಪ್ಪಿ ಹರಿದ ದಿನದಿಂದ ಮರಳು ಒಳಗೆ ಹೋಗಿ ಗ್ರೀಸಿನೊಡನೆ ಅರೆಯುತ್ತದೆ. ಗುಂಡು ಗೂಡಿನಿಂದ ಕಳಚಿದರೆ ಎರಡು ಚಕ್ರ ಎರಡು ದಿಕ್ಕಿಗೆ. ನೂರಿಪ್ಪತ್ತರ ವೇಗದಲ್ಲಿ ಆಮೇಲೆ ಮಾಡುವುದೇನೂ ಇರುವುದಿಲ್ಲ. ತೋಳಿಗಾಗಲಿ ರಾಡಿಗಾಗಲಿ ವೆಲ್ಡಿಂಗ್ ಮಾಡಿಸಬಾರದು ಎನ್ನುವುದೂ ಇದಕ್ಕೇ ಸೇರಿದ ಮಾತು. ಸಂಬಳ ಕಡಿಮೆಯಿದ್ದ ನಮ್ಮಂಥವರು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂದು ಇಷ್ಟು ಖಚಿತವಾಗಿ ಹೇಳಿದವರು ಇನ್ನೊಬ್ಬರಿಲ್ಲ.

ಗುಜರಿಗೆ ಮಾಲು ಎಲ್ಲಿಂದ ಬರುತ್ತದೆ ಎನ್ನುವುದೂ ಕೊಲ್ಲಿಯ ಚರಿತ್ರೆಯೇ. ಸ್ಥಳೀಯ ಅಪಘಾತದ ಗಾಡಿಗಳು ಒಂದು ಪಾಲು. ಇನ್ನೊಂದು ಪಾಲು ಜಪಾನಿನಿಂದ. ಅಲ್ಲಿ ಹಳೆಯ ಕಾರಿಗೆ ತಪಾಸಣೆಯ ಖರ್ಚು ಹೆಚ್ಚು, ಆದ್ದರಿಂದ ಚೆನ್ನಾಗಿರುವ ಗಾಡಿಯನ್ನೇ ಬೇಗ ಬಿಟ್ಟುಬಿಡುತ್ತಾರೆ. ಅದನ್ನು ಮಧ್ಯಕ್ಕೆ ಕೊಯ್ದು ಮುಂದಿನ ಅರ್ಧವನ್ನು ಕಂಟೇನರಿನಲ್ಲಿ ತುಂಬಿ ಶಾರ್ಜಾಕ್ಕೆ ಕಳಿಸುತ್ತಾರೆ. ಇದೇ ಹಾಫ್ ಕಟ್. ಎಂಜಿನ್ ಸಿಗುತ್ತದೆ, ಗೇರ್ ಬಾಕ್ಸ್ ಸಿಗುತ್ತದೆ, ಅಲ್ಲಿಂದ ಆಫ್ರಿಕಾಕ್ಕೂ ಮಧ್ಯ ಏಷ್ಯಾಕ್ಕೂ ಹೋಗುತ್ತದೆ. ಆದರೆ ಜಪಾನ್ ನಮ್ಮಂತೆಯೇ ಎಡಬದಿಯಲ್ಲಿ ಓಡುವ ದೇಶ. ಅಲ್ಲಿನ ಸ್ಟಿಯರಿಂಗ್ ಬಲಗಡೆ. ರ್‍ಯಾಕಿನ ಪಿನಿಯನ್ ಬೇರೆ ತುದಿಯಲ್ಲಿ, ಬಾಕ್ಸ್ ಚಾಸಿಯ ಬೇರೆ ಮಗ್ಗುಲಲ್ಲಿ. ಹೀಗಾಗಿ ಜಪಾನಿನ ಹಾಫ್ ಕಟ್ ರಾಶಿಯಲ್ಲಿ ಎಂಜಿನ್ ಖಾಲಿಯಾದ ಮೇಲೂ ಸ್ಟಿಯರಿಂಗ್ ಬಿದ್ದಿರುತ್ತದೆ. 1966ರ ಆ ಸೆಪ್ಟೆಂಬರ್ ಇಂದಿಗೂ ಗುಜರಿಯ ಮೂಲೆಯಲ್ಲಿ ಹೀಗೆ ಕಣ್ಣಿಗೆ ಬೀಳುತ್ತದೆ.

ಇದರಿಂದಲೇ ಇನ್ನೊಂದು ಕಸುಬು ಹುಟ್ಟಿತು. ಜಪಾನಿನಿಂದ ಬಂದ ಬಲಗೈ ಗಾಡಿಗಳನ್ನು ಎಡಗೈ ಮಾಡಿ, ಬಲಬದಿಯಲ್ಲಿ ಓಡುವ ಅಫ್ಘಾನಿಸ್ತಾನದಂಥ ದೇಶಗಳಿಗೆ ಕಳಿಸುವುದು. ದುಬೈಯ ರಾಸ್ ಅಲ್ ಖೋರ್‌ನಲ್ಲಿ 2000ರಲ್ಲಿ ಶುರುವಾದ ಡುಕಾಮ್ಜ್ ಎಂಬ ಕಾರು ವಲಯ ಇಂಥ ಮರುರಫ್ತಿನ ವ್ಯಾಪಾರಕ್ಕೆ ಹೆಸರಾಯಿತು. ಡ್ಯಾಶ್ ಬೋರ್ಡ್, ಪೆಡಲ್, ವೈಪರ್ ಎಲ್ಲ ಪಕ್ಕ ಬದಲಿಸಬೇಕಾದ ಕೆಲಸ ಅದು. ಎಡಗೈ ಗಾಡಿಯ ಗುಜರಿ ರ್‍ಯಾಕ್ ಹಾಕಿ ಅಚ್ಚುಕಟ್ಟಾಗಿ ಮಾಡಿದ್ದೂ ಉಂಟು, ಕಂಬಿಗೆ ತೇಪೆ ವೆಲ್ಡಿಂಗ್ ಹಾಕಿ ಗಡಿ ದಾಟಿಸಿದ್ದೂ ಉಂಟು. ಎರಡನೆಯದನ್ನು ಓಡಿಸಿದವರ ಗತಿ ಏನಾಯಿತೋ, ನಮ್ಮ ಕಡೆಗೆ ಸುದ್ದಿ ಬರುವುದಿಲ್ಲ.

ಗುಜರಿಯಿಂದ ಆದ ಒಳ್ಳೆಯ ಕಸಿಯೂ ಇದೆ. ಪವರ್ ಇಲ್ಲದ 40 ಸೀರೀಸಿಗೆ 60 ಸೀರೀಸಿನ ಪವರ್ ಬಾಕ್ಸ್ ಕೂರಿಸುವುದು ಲ್ಯಾಂಡ್ ಕ್ರೂಸರ್ ಪ್ರಿಯರಲ್ಲಿ ಬಹಳ ಹಿಂದಿನ ರೂಢಿ. ಚಾಸಿಗೆ ಒಂದು ದಪ್ಪ ಪ್ಲೇಟ್ ಸೇರಿಸಿ, ಪಂಪು ಮತ್ತು ಎಣ್ಣೆಯ ಪೈಪು ಎಳೆದು ಮಾಡುತ್ತಾರೆ. ಇಂದು ಶೋಕಿಗೆ 40 ಇಟ್ಟುಕೊಂಡ ಶ್ರೀಮಂತರು ಒಂದು ಬೆರಳಲ್ಲಿ ಅದನ್ನು ತಿರುಗಿಸುತ್ತಿದ್ದರೆ, ಒಳಗೆ ಕೆಲಸ ಮಾಡುತ್ತಿರುವುದು ಯಾವುದೋ ಗುಜರಿಯಿಂದ ಬಂದ ಬಾಕ್ಸ್ ಇರಬಹುದು.

ಈಗಿನ ಕಾರುಗಳಲ್ಲಿ ಎಣ್ಣೆಯೂ ಇಲ್ಲ, ಪಂಪೂ ಇಲ್ಲ. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿಗೆ ಬಂದ ಎಲೆಕ್ಟ್ರಿಕ್ ಸ್ಟಿಯರಿಂಗ್ ಈಗ ನಮ್ಮಂಥವರು ಕೊಳ್ಳುವ ಸಾಮಾನ್ಯ ಕಾರಿಗೂ ಬಂದಿದೆ. ಅದರ ರ್‍ಯಾಕನ್ನು ಗುಜರಿಯಿಂದ ತಂದು ಬೋಲ್ಟ್ ಹಾಕಿದರೆ ಮುಗಿಯುವುದಿಲ್ಲ. ನೇರ ಎಂದರೆ ಯಾವುದು ಎಂದು ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಹೇಳಿಕೊಡಬೇಕು. ಹೇಳದಿದ್ದರೆ ಹಳದಿ ದೀಪ ಉರಿಯುತ್ತದೆ, ಪಾಸಿಂಗ್ ಆಗುವುದಿಲ್ಲ. ಕೆಳಗೆ ಮಲಗಿ ಕೈಯಿಟ್ಟು ಸವೆತ ಹಿಡಿಯುತ್ತಿದ್ದವರಲ್ಲಿ ಹಲವರಿಗೆ ಸ್ಕ್ಯಾನರ್ ಕಲಿಯುವ ವಯಸ್ಸು ದಾಟಿತ್ತು. ನಮ್ಮ ಕುಂದಾಪುರದ ಅಣ್ಣ ವೀಸಾ ಮುಗಿಸಿ ಊರಿಗೆ ಹೊರಡುವಾಗ ಸ್ಪ್ಯಾನರ್ ಪೆಟ್ಟಿಗೆಯನ್ನು ಜತೆಗಿದ್ದ ಹುಡುಗನಿಗೆ ಕೊಟ್ಟರು. ಪುಲ್ಲರನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ತಮ್ಮ ಲಗೇಜಿನಲ್ಲಿ ಇಟ್ಟುಕೊಂಡರು.

ಆ ಹುಡುಗ ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಅವನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇದೆ, ಸ್ಕ್ಯಾನರ್ ಇದೆ. 1984ರಲ್ಲಿ ಬಂದು ಇಂದಿಗೂ ತಯಾರಾಗುತ್ತಿರುವ 70 ಸೀರೀಸ್ ಲ್ಯಾಂಡ್ ಕ್ರೂಸರುಗಳು ತೋಟದಿಂದ, ಒಂಟೆ ಸಾಕುವವರ ಕಡೆಯಿಂದ ಅವನಲ್ಲಿಗೆ ಬರುತ್ತಲೇ ಇರುತ್ತವೆ. ಅವು ಬಂದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು, ಯಾರಾದರೊಬ್ಬರನ್ನು ಸ್ಟಿಯರಿಂಗ್ ಎದುರು ಕೂರಿಸಿ, ತಾನು ರಟ್ಟಿನ ತುಂಡು ಹಾಸಿಕೊಂಡು ಗಾಡಿಯ ಕೆಳಗೆ ಮಲಗುತ್ತಾನೆ.